ಮಾವಿನಗುಂಡಿಯಿಂದ ಮುಂಬಯಿಗೆ: ಚರ್ಚೆ ಕೇಳುವ ಹಕ್ಕಿನ ಕಥೆ

ಸಿದ್ದಾಪುರದಿಂದ ಜೋಗದ ಕಡೆಗೆ ಹೋಗುವ ಬಸ್ಸು ಮಾವಿನಗುಂಡಿಯಲ್ಲಿ ನಿಲ್ಲುತ್ತದೆ. ಹೊನ್ನಾವರದಿಂದ ಘಟ್ಟ ಹತ್ತಿ ಬರುವ ರಸ್ತೆಯೂ ಅಲ್ಲೇ ಕೂಡಿಕೊಳ್ಳುತ್ತದೆ. ಜಲಪಾತ ನೋಡುವ ಗಡಿಬಿಡಿಯಲ್ಲಿರುವವರು ಅಲ್ಲಿ ಚಹಾ ಕುಡಿಯುತ್ತಾರೆ, ಹೊರಡುತ್ತಾರೆ. ನಾನು ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವಳು ಅಲ್ಲಿ ಕೈ ಮುಗಿಯುತ್ತಿದ್ದಳು. ಕಿಟಕಿಯಿಂದ ಇಣುಕಿದರೆ ನನಗೆ ಯಾವ ಗುಡಿಯೂ ಕಾಣುತ್ತಿರಲಿಲ್ಲ. ಒಮ್ಮೆ ಕೇಳಿದೆ. "ಹೋದ ತೋಟ ಬಂತು ತಮಾ, ಸುಮ್ನೆ ಬಂಜಿಲ್ಲೆ" ಎಂದಷ್ಟೇ ಹೇಳಿದಳು.

ಆ ಮಾತಿನ ಅರ್ಥ ಹುಡುಕುತ್ತ ಹೋದವನು ನಾನು ಬಂದು ತಲುಪಿದ್ದು ಶಾಸನಸಭೆಗಳ ಚರಿತ್ರೆಗೆ. ಜನರ ಕಷ್ಟ ಸಭೆಯೊಂದರಲ್ಲಿ ಚರ್ಚೆಯಾಗಬೇಕಾದರೆ ಯಾರಾದರೂ ಎದ್ದು ನಿಂತು "ಇದನ್ನು ಚರ್ಚೆಗೆ ತೆಗೆದುಕೊಳ್ಳಿ" ಎನ್ನಬೇಕು. ಈಗ ಟಿವಿಯಲ್ಲಿ ದಿನವೂ ನೋಡುವುದರಿಂದ ಅದು ನಮಗೆ ಬರೀ ಗಲಾಟೆಯಂತೆ ಕಾಣುತ್ತದೆ. ಆದರೆ ಹಾಗೆ ಕೇಳುವ ಹಕ್ಕು ಎಲ್ಲಿಂದ ಬಂತು, ಯಾರಿಗೆ ಬಂತು, ಯಾರಿಗೆ ತಡವಾಗಿ ಬಂತು ಎಂಬುದನ್ನು ನಮ್ಮ ತಾಲೂಕಿನ ಕಥೆಯೇ ಹೇಳುತ್ತದೆ.

1930ರ ಸುಮಾರಿಗೆ ಜಗತ್ತಿನಾದ್ಯಂತ ಬೆಲೆಗಳು ಬಿದ್ದಿದ್ದವು. ಬೆಳೆದ ಮಾಲಿಗೆ ದರವಿಲ್ಲ, ಸರ್ಕಾರದ ಕಂದಾಯ ಮಾತ್ರ ಹಾಗೇ ಇತ್ತು. ಉಪ್ಪಿನ ಸತ್ಯಾಗ್ರಹದ ಹಿಂದೆಯೇ ಉತ್ತರ ಕನ್ನಡದಲ್ಲಿ ಕರನಿರಾಕರಣೆ ಶುರುವಾಯಿತು. ಅಂಕೋಲಾ ಮತ್ತು ಸಿದ್ದಾಪುರ ಅದರ ಎರಡು ಗಟ್ಟಿ ನೆಲೆಗಳು. ಹವ್ಯಕರು, ನಾಡವರು, ನಾಮಧಾರಿಗಳು, ಜಮೀನಿನ ಒಡೆಯರು, ಗೇಣಿದಾರರು ಎಲ್ಲರೂ ಅದರಲ್ಲಿದ್ದರು. ಕಂದಾಯ ಕೊಡುವುದಿಲ್ಲ ಎಂದವರ ಮನೆಗೆ ಅಧಿಕಾರಿಗಳು ಜಪ್ತಿಗೆ ಬಂದರು. ಮೊದಲು ಪಾತ್ರೆ, ದನಕರು; ಆಮೇಲೆ ಗದ್ದೆ, ತೋಟ. ಜಪ್ತಿಯಾದದ್ದನ್ನು ಲಿಲಾವಿಗೆ ಹಾಕಿದರು. ನೂರಾರು ಕುಟುಂಬಗಳು ನೆಲ ಕಳೆದುಕೊಂಡವು. ಅವುಗಳಲ್ಲಿ ನಮ್ಮ ಮನೆಯೂ ಒಂದು. ಅಜ್ಜಿ ಮದುವೆಯಾಗಿ ಬಂದು ಎರಡು ವರ್ಷವೂ ಆಗಿರಲಿಲ್ಲ. ಅವಳು ನೋಡಿದ ಹೊಸ ಸಂಸಾರ ಎಂದರೆ ಬೀಗ ಹಾಕಿದ ಅಟ್ಟ ಮತ್ತು ಬೇರೆಯವರ ಹೆಸರಿಗೆ ಹೋದ ತೋಟ.

1931ರ ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾಯಿತು. ಉಪ್ಪಿನ ವಿಷಯ, ಕೈದಿಗಳ ಬಿಡುಗಡೆಯ ವಿಷಯ ನಾವು ಶಾಲೆಯಲ್ಲಿ ಓದಿದ್ದೇವೆ. ಜಮೀನಿನ ಬಗ್ಗೆಯೂ ಅದರಲ್ಲಿ ಷರತ್ತುಗಳಿದ್ದವು. ಜಪ್ತಿಯಾಗಿ ಇನ್ನೂ ಸರ್ಕಾರದ ಕೈಯಲ್ಲೇ ಇರುವ ಆಸ್ತಿಯನ್ನು ಮರಳಿಸುವುದು, ಆದರೆ ಈಗಾಗಲೇ ಮೂರನೆಯವರಿಗೆ ಮಾರಾಟವಾಗಿದ್ದರೆ ಸರ್ಕಾರದ ಮಟ್ಟಿಗೆ ಆ ವ್ಯವಹಾರ ಮುಗಿದಂತೆ. ಲಿಲಾವಿನಲ್ಲಿ ಹೋದ ತೋಟದ ಮೇಲೆ ಒಡೆಯನಿಗೆ ದೆಹಲಿಯ ಒಪ್ಪಂದದಿಂದ ಏನೂ ಸಿಗಲಿಲ್ಲ. ಮರುವರ್ಷ ಚಳವಳಿ ಮತ್ತೆ ಶುರುವಾದಾಗ ಜಪ್ತಿಯೂ ಲಿಲಾವೂ ಮತ್ತೆ ನಡೆದವು.

1932ರ ಮಾವಿನಗುಂಡಿಯ ಮಹಿಳಾ ಸತ್ಯಾಗ್ರಹ ಅರ್ಥವಾಗಬೇಕಾದರೆ ಈ ಷರತ್ತನ್ನು ನೆನಪಿಟ್ಟುಕೊಳ್ಳಬೇಕು. ಆ ಹೆಂಗಸರು ಮಾಮಲೇದಾರರ ಕಚೇರಿಯ ಮುಂದೆ ಕೂರಲಿಲ್ಲ. ಜಪ್ತಿಯಾದ ಆಸ್ತಿಯನ್ನು ಲಿಲಾವಿನಲ್ಲಿ ಕೊಂಡವರ ಮನೆಯ ಮುಂದೆ ಉಪವಾಸ ಕೂತರು. ಮುಗಿದ ವ್ಯವಹಾರ ಎಂದು ಸರ್ಕಾರ ಕೈ ತೊಳೆದುಕೊಂಡ ಮೇಲೆ ನೆಲವನ್ನು ಮರಳಿ ಕೊಡಲು ಸಾಧ್ಯವಿದ್ದದ್ದು ಕೊಂಡವರಿಗೆ ಮಾತ್ರ. ಗಂಡಸರಲ್ಲಿ ಬಹಳ ಮಂದಿ ಜೈಲಿನಲ್ಲಿದ್ದರು. ಮನೆ ಬಿಟ್ಟು ಹೊರಗೆ ಹೋಗಿ ಗೊತ್ತಿಲ್ಲದ ಹೆಂಗಸರು ಬೀದಿಗೆ ಬಂದು ಅನ್ನ ಬಿಟ್ಟರು. ನಮ್ಮಜ್ಜಿ ಉಪವಾಸಕ್ಕೆ ಕೂತವಳಲ್ಲ. ಕೂತವರಿಗೆ ಕೊಡದಲ್ಲಿ ನೀರು ಹೊತ್ತುಕೊಟ್ಟವಳು. ಆ ನೀರಿನ ಕೊಡದ ಭಾರವನ್ನು ಅವಳು ಕೊನೆಯವರೆಗೂ ಹೇಳುತ್ತಿದ್ದಳು, ಹಸಿದವರ ಮುಖದ ಬಗ್ಗೆ ಹೇಳುತ್ತಿರಲಿಲ್ಲ.

ನನಗೆ ಕಾಡಿದ ಪ್ರಶ್ನೆ ಬೇರೆ. ಈ ಕೂಗನ್ನು ಕೇಳಿಸಿಕೊಳ್ಳಬೇಕಾದ ಸಭೆ ಎಲ್ಲಿತ್ತು?

ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರು. ಹಾಗಾಗಿ ಸಿದ್ದಾಪುರದ ತೋಟದ ಮಾತು ಮುಂಬಯಿಯ ಶಾಸನಸಭೆಗೆ ಹೋಗಬೇಕಿತ್ತು. ಪಕ್ಕದಲ್ಲೇ ಇದ್ದ ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು. ಮೊದಲ ಸಭೆಗೆ 144 ಜನ ಬಂದಿದ್ದರು. ದಸರೆಯ ಹೊತ್ತಿಗೆ ಸೇರಿ ತಮ್ಮ ತಾಲೂಕಿನ ಅಹವಾಲು ಹೇಳಬಹುದಿತ್ತು, ದಿವಾನರು ಕೇಳಿಸಿಕೊಳ್ಳುತ್ತಿದ್ದರು, ತೀರ್ಮಾನ ಅವರದ್ದೇ. ಅಷ್ಟಾದರೂ ಅಹವಾಲು ಹೇಳಲು ಒಂದು ಜಾಗವಿತ್ತು.

ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಈ ಹಕ್ಕು ತುಣುಕು ತುಣುಕಾಗಿ ಬಂತು. 1861ರ ಕಾಯ್ದೆಯ ಶಾಸನಸಭೆಗಳಲ್ಲಿ ಸದಸ್ಯರು ಮುಂದಿಟ್ಟ ಮಸೂದೆಯ ಮೇಲೆ ಮಾತ್ರ ಮಾತಾಡಬೇಕಿತ್ತು, ಸರ್ಕಾರವನ್ನು ಪ್ರಶ್ನೆ ಕೇಳುವಂತಿರಲಿಲ್ಲ. 1892ರಲ್ಲಿ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿತು, ಆದರೆ ಉತ್ತರ ಬಂದ ಮೇಲೆ ಅದರ ಮೇಲೆ ಇನ್ನೊಂದು ಪ್ರಶ್ನೆ ಹಾಕುವಂತಿಲ್ಲ, ಚರ್ಚೆಯೂ ಇಲ್ಲ. ಅಧಿಕಾರಿ ಓದಿದ ಒಂದು ಸಾಲು ಕೇಳಿ ಕೂತುಕೊಳ್ಳಬೇಕು. 1909ರಲ್ಲಿ ಪ್ರಶ್ನೆ ಕೇಳಿದವನಿಗೆ ಉಪಪ್ರಶ್ನೆ ಕೇಳುವ ಹಕ್ಕು ಬಂತು, ಸಾರ್ವಜನಿಕ ವಿಷಯಗಳ ಮೇಲೆ ನಿರ್ಣಯ ಮಂಡಿಸಿ ಚರ್ಚೆ ಮಾಡಬಹುದಾಯಿತು. 1919ರ ಸುಧಾರಣೆಯ ಮೇಲೆ ಉಪಪ್ರಶ್ನೆ ಯಾವ ಸದಸ್ಯನಾದರೂ ಕೇಳಬಹುದಾಯಿತು. ಜೊತೆಗೆ ನಿಲುವಳಿ ಸೂಚನೆ ಬಂತು: ತುರ್ತಾದ, ಖಚಿತವಾದ, ಸಾರ್ವಜನಿಕ ಮಹತ್ವದ ಒಂದು ವಿಷಯಕ್ಕಾಗಿ ಸಭೆಯ ಉಳಿದ ಕೆಲಸವನ್ನು ನಿಲ್ಲಿಸಿ ಎಂದು ಕೇಳುವ ದಾರಿ.

ಅಂದರೆ 1932ರಲ್ಲಿ ಮಾವಿನಗುಂಡಿಯ ವಿಷಯವನ್ನು ಮುಂಬಯಿ ಸಭೆಯಲ್ಲಿ ಎತ್ತಲು ನಿಯಮಗಳಲ್ಲಿ ದಾರಿ ಇತ್ತು. ಎತ್ತಬೇಕಾದವರು ಇರಲಿಲ್ಲ. ಲಾಹೋರ್ ಅಧಿವೇಶನದ ನಿರ್ಣಯದಂತೆ ಕಾಂಗ್ರೆಸ್ಸಿನವರು 1930ರ ಆರಂಭದಲ್ಲಿ ಶಾಸನಸಭೆಗಳಿಗೆ ರಾಜೀನಾಮೆ ಕೊಟ್ಟು ಹೊರಗೆ ಬಂದಿದ್ದರು. ಬೀದಿಯ ಹೋರಾಟ ಮತ್ತು ಸಭೆಯ ಕುರ್ಚಿ ಎರಡನ್ನೂ ಒಟ್ಟಿಗೆ ಹಿಡಿಯುವಂತಿಲ್ಲ ಎಂಬುದು ಆಗಿನ ನಂಬಿಕೆ. ಅದರಲ್ಲಿ ತಪ್ಪು ಹುಡುಕುವುದು ಈಗ ಸುಲಭ. ಆದರೆ ನೆಲ ಕಳೆದುಕೊಂಡವರ ಪರ ಮಾತಾಡಬಹುದಾದ ಕುರ್ಚಿಗಳು ಅವರಿಗೆ ಬೇಕಾದ ಹೊತ್ತಿನಲ್ಲೇ ಖಾಲಿಯಾಗಿದ್ದವು ಎಂಬುದೂ ನಿಜ.

ಇನ್ನೂ ಒಂದು ತೊಡಕಿತ್ತು. ಹಳ್ಳಿಗಳಲ್ಲಿ ಆಗಿನ ಮತದಾನದ ಹಕ್ಕು ಮುಖ್ಯವಾಗಿ ಜಮೀನಿನ ಕಂದಾಯದ ಮೇಲೆ ನಿಂತಿತ್ತು. ಇಷ್ಟು ರೂಪಾಯಿ ಕಂದಾಯದ ನೆಲವಿದ್ದವನಿಗೆ ಮತ, ಇಲ್ಲದವನಿಗೆ ಇಲ್ಲ. ನೆಲ ಜಪ್ತಿಯಾದರೆ ಮತದ ಆಧಾರವೂ ಅದರ ಜೊತೆಗೇ ಹೋಗುತ್ತಿತ್ತು. ಕಂದಾಯ ಕೊಡಲಾರೆ ಎಂದವನು, ಕಂದಾಯದ ಬಗ್ಗೆ ಮಾತಾಡುವ ಸಭೆಗೆ ಪ್ರತಿನಿಧಿಯನ್ನು ಆರಿಸುವ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದ. ಗೇಣಿಗೆ ಉಳುವವನ ಹೆಸರಿನಲ್ಲಂತೂ ಕಂದಾಯದ ಖಾತೆಯೇ ಇರುತ್ತಿರಲಿಲ್ಲ.

1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಸಿರ್ಸಿ, ಸಿದ್ದಾಪುರಗಳಿಗೆ ಬಂದರು. ಜನ ಅವರನ್ನು ನೋಡಿದರು. ತೋಟ ಮಾತ್ರ ಬರಲಿಲ್ಲ.

ಅದು ಬಂದದ್ದು ಸಭೆಯ ಮೂಲಕ. 1935ರ ಕಾಯ್ದೆಯಂತೆ 1937ರಲ್ಲಿ ಪ್ರಾಂತಗಳಿಗೆ ಚುನಾವಣೆ ನಡೆಯಿತು. ಮತದಾರರ ಸಂಖ್ಯೆ ಹಿಗ್ಗಿ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 3 ಕೋಟಿಯಾಗಿತ್ತು. ಮುಂಬಯಿ ವಿಧಾನಸಭೆಯ 175 ಸ್ಥಾನಗಳಲ್ಲಿ 86 ಕಾಂಗ್ರೆಸ್ಸಿಗೆ ಬಂದವು. ಜುಲೈಯಲ್ಲಿ ಬಿ. ಜಿ. ಖೇರ್ ಪ್ರಧಾನಿಯಾದರು, ಆಗ ಪ್ರಾಂತದ ಮುಖ್ಯಸ್ಥರನ್ನು ಹಾಗೇ ಕರೆಯುತ್ತಿದ್ದರು. ಕಂದಾಯ ಮಂತ್ರಿ ಮೊರಾರ್ಜಿ ದೇಸಾಯಿ. 1930ರಲ್ಲಿ ಡೆಪ್ಯುಟಿ ಕಲೆಕ್ಟರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಚಳವಳಿಗೆ ಬಂದವರು ಅವರು. ಸಭಾಧ್ಯಕ್ಷರು ಗಣೇಶ ವಾಸುದೇವ ಮಾವಳಂಕರ್.

ಜಪ್ತಿಯಾದ ಜಮೀನು ಮರಳಿಸುವುದು ಹೇಳಿದಷ್ಟು ಸುಲಭದ ಕೆಲಸವಾಗಿರಲಿಲ್ಲ. ಲಿಲಾವಿನಲ್ಲಿ ಕೊಂಡವನ ಹತ್ತಿರ ಸರ್ಕಾರವೇ ಕೊಟ್ಟ ಕಾಗದವಿತ್ತು. ಒಂದು ಸರ್ಕಾರ ಮಾರಿದ್ದನ್ನು ಇನ್ನೊಂದು ಸರ್ಕಾರ ಕಿತ್ತುಕೊಂಡರೆ ನಾಳೆ ಯಾವ ಕಾಗದಕ್ಕೆ ಬೆಲೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. 1935ರ ಕಾಯ್ದೆಯ 299ನೇ ಕಲಮು ಪರಿಹಾರ ಕೊಡದೆ ಆಸ್ತಿ ವಶಪಡಿಸಿಕೊಳ್ಳುವುದನ್ನು ತಡೆದಿತ್ತು, ಅಂಥ ಮಸೂದೆ ಮಂಡಿಸಲು ಗವರ್ನರರ ಪೂರ್ವಾನುಮತಿಯೂ ಬೇಕಿತ್ತು. ಇಷ್ಟೆಲ್ಲ ದಾಟಿ ಜಪ್ತಿ ಜಮೀನುಗಳನ್ನು ಮರಳಿಸುವ ಮುಂಬಯಿ ಕಾಯ್ದೆ 1938ರಲ್ಲಿ ಬಂತು. ಬಾರ್ಡೋಲಿ ಕಡೆಯ ಗುಜರಾತಿನ ರೈತರಿಗೂ ಉತ್ತರ ಕನ್ನಡದ ರೈತರಿಗೂ ಒಂದೇ ಕಾಯ್ದೆ. ದೆಹಲಿಯ ಒಪ್ಪಂದ 'ಮುಗಿಯಿತು' ಎಂದಿದ್ದನ್ನು ಮುಂಬಯಿಯ ಸಭೆ ಮತ್ತೆ ತೆರೆದು ನೋಡಿತು.

1939ರ ನವೆಂಬರಿನಲ್ಲಿ, ಯುದ್ಧದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಖೇರ್ ಸರ್ಕಾರ ರಾಜೀನಾಮೆ ಕೊಟ್ಟಿತು. ಅದು ಇದ್ದದ್ದು ಎರಡೂಕಾಲು ವರ್ಷ. ಆ ಕಿಂಡಿಯಲ್ಲಿ ನಮ್ಮ ತೋಟ ತೂರಿ ಬಂತು. ಸ್ವಲ್ಪ ತಡವಾಗಿದ್ದರೆ ಇನ್ನೂ ಏಳೆಂಟು ವರ್ಷ ಕಾಯಬೇಕಿತ್ತು. ಅಷ್ಟು ವರ್ಷದಲ್ಲಿ ಅಡಿಕೆ ಮರ ಏನಾಗುತ್ತದೆ ಎಂಬುದು ತೋಟವಿದ್ದವರಿಗೆ ಗೊತ್ತು.

ಇಲ್ಲಿಗೆ ಕಥೆ ಮುಗಿಸಿದರೆ ಓದಲು ಚೆನ್ನಾಗಿರುತ್ತದೆ. ನಾನೂ ಬಹಳ ವರ್ಷ ಇಲ್ಲಿಗೇ ಮುಗಿಸುತ್ತಿದ್ದೆ. ಆದರೆ ಅದೇ ಸಭೆಯಲ್ಲಿ, ಅದೇ ಸಮಯದಲ್ಲಿ ಇನ್ನೊಂದು ಮಸೂದೆ ಇತ್ತು. 1937ರ ಸೆಪ್ಟೆಂಬರ್ 17ರಂದು ಡಾ. ಬಿ. ಆರ್. ಅಂಬೇಡ್ಕರ್ ಖೋತಿ ಪದ್ಧತಿ ರದ್ದುಮಾಡುವ ಮಸೂದೆಯನ್ನು ಮಂಡಿಸಿದ್ದರು. ನಮ್ಮ ಕರಾವಳಿಗೆ ತಾಗಿಕೊಂಡೇ ಇರುವ ಕೊಂಕಣದಲ್ಲಿ ಖೋತರೆಂಬ ಮಧ್ಯವರ್ತಿಗಳು ರೈತರಿಂದ ವಸೂಲಿ ಮಾಡುತ್ತಿದ್ದ ಪದ್ಧತಿ ಅದು. 1938ರ ಜನವರಿಯಲ್ಲಿ ಸಾವಿರಾರು ರೈತರು ಮುಂಬಯಿಗೆ ಬಂದು ಮೆರವಣಿಗೆ ಮಾಡಿದರು. ಮಸೂದೆ ಸರ್ಕಾರದ್ದಲ್ಲ, ಖಾಸಗಿ ಸದಸ್ಯರದ್ದು. ಸರ್ಕಾರ ಅದನ್ನು ಮುಂದಕ್ಕೆ ಒಯ್ಯಲಿಲ್ಲ. ಖೋತಿ ರದ್ದಾಗಲು ಸ್ವಾತಂತ್ರ್ಯ ಬಂದು 1949ರ ಕಾಯ್ದೆಯಾಗಬೇಕಾಯಿತು.

ಒಡೆಯರ ನೆಲ ಮರಳಿಸುವ ಮಸೂದೆ ಕಾಯ್ದೆಯಾಯಿತು, ಉಳುವವರ ಮಸೂದೆ ಮೂಲೆಗೆ ಸರಿಯಿತು. ಎರಡೂ ನ್ಯಾಯದ ಬೇಡಿಕೆಗಳೇ. ವ್ಯತ್ಯಾಸವೆಂದರೆ ಒಂದನ್ನು ಕೇಳಿದವರ ಕೈಯಲ್ಲಿ ಸಭೆಯ ಸಮಯವಿತ್ತು, ಇನ್ನೊಂದನ್ನು ಕೇಳಿದವರ ಕೈಯಲ್ಲಿ ಇರಲಿಲ್ಲ.

ಈ ಮಾತು ನಮ್ಮ ಅಂಗಳಕ್ಕೂ ಬರುತ್ತದೆ. ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರ ಮನೆಯ ಹಿರಿಯರೊಬ್ಬರು ಕರನಿರಾಕರಣೆಯಲ್ಲಿ ನಮ್ಮ ಮುತ್ತಜ್ಜನ ಜೊತೆಗೇ ಹಿಂಡಲಗಾ ಜೈಲಿಗೆ ಹೋಗಿದ್ದರು. ಒಂದೇ ಆಪಾದನೆ, ಒಂದೇ ಗಂಜಿ. 1938ರ ಕಾಯ್ದೆ ಬಂದಾಗ ಮುತ್ತಜ್ಜನಿಗೆ ಗದ್ದೆ ತೋಟ ಎರಡೂ ಮರಳಿದವು. ಅವರಿಗೆ ಮರಳಿದ್ದು ಮತ್ತೆ ಗೇಣಿ ಅಳೆಯುವ ಕೆಲಸ. ನಮ್ಮ ಕಡೆ ಗೇಣಿಯಲ್ಲಿ ಎರಡು ಬಗೆ. ಮೂಲಗೇಣಿಯವನಿಗೆ ನೆಲದ ಮೇಲೆ ಶಾಶ್ವತ ಹಿಡಿತವಿತ್ತು. ಚಾಲಗೇಣಿಯವನನ್ನು ಒಡೆಯ ಬೇಕೆಂದಾಗ ಬಿಡಿಸಬಹುದಿತ್ತು. ಅವರದ್ದು ಚಾಲಗೇಣಿ. ಸ್ವಾತಂತ್ರ್ಯದ ಕಥೆ ಹೇಳುವಾಗ ನಮ್ಮ ಮನೆಯಲ್ಲಿ ಮುತ್ತಜ್ಜನ ಜೈಲಿನ ಮಾತು ಬರುತ್ತಿತ್ತು, ಅವರ ಜೈಲಿನ ಮಾತು ಬರುತ್ತಿರಲಿಲ್ಲ.

ಅವರ ಪ್ರಶ್ನೆ ಸಭೆಗೆ ಹೋದದ್ದು ಬೇರೆ ದಾರಿಯಲ್ಲಿ. ಸಿದ್ದಾಪುರದ ಗಡಿ ದಾಟಿದರೆ ಸಾಗರ ತಾಲೂಕು, ಆಗ ಅದು ಮೈಸೂರು ರಾಜ್ಯ. ಅಲ್ಲಿಯ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಗೇಣಿ ಅಳೆಯುವ ಕೊಳಗ ದೊಡ್ಡದು ಎಂಬುದರಿಂದ ಹತ್ತಿಕೊಂಡ ಜಗಳ ಅದು. ಅಳತೆಯ ಒಂದು ಪಾತ್ರೆಯ ಗಾತ್ರ! ಎಚ್. ಗಣಪತಿಯಪ್ಪ ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮಾರನೆಯ ವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ಮೈಸೂರು ವಿಧಾನಸಭೆಗೆ ಹೋದರು. ಈ ಸಲ ಬೀದಿಯಿಂದ ಸಭೆಗೆ ಹೋಗಲು ಒಂದೇ ವರ್ಷ ಸಾಕಾಯಿತು. ಎಲ್ಲರಿಗೂ ಮತ ಬಂದಿತ್ತು ಎಂಬುದು ಅದಕ್ಕೆ ಕಾರಣ. ಕಂದಾಯದ ಖಾತೆಯಿಲ್ಲದ ಗೇಣಿದಾರನೂ ಈಗ ಮತದಾರ.

ಆದರೂ ಹೋಗುವುದು ಬೇರೆ, ಆಗುವುದು ಬೇರೆ. 1956ರ ನವೆಂಬರ್ 1ರಂದು ಸಿದ್ದಾಪುರವೂ ಸಾಗರವೂ ಒಂದೇ ರಾಜ್ಯಕ್ಕೆ ಬಂದವು. 1967ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ದಿನಕರ ದೇಸಾಯಿ ಪಕ್ಷೇತರರಾಗಿ ಆರಿಸಿಹೋದರು. ಚುಟುಕಗಳ ಕವಿಯೆಂದು ನಾವು ಓದುವ ಇವರು 1940ರ ದಶಕದಲ್ಲಿ ಗೇಣಿದಾರರ ಪರ ಹೋರಾಡಿ ಸ್ವಂತ ಜಿಲ್ಲೆಯಿಂದಲೇ ಗಡಿಪಾರಾಗಿದ್ದವರು. ಒಬ್ಬ ಪಕ್ಷೇತರ ಸದಸ್ಯನಿಗೆ ಸಂಸತ್ತಿನಲ್ಲಿ ಎಷ್ಟು ಹೊತ್ತು ಸಿಗುತ್ತದೆ? ಚರ್ಚೆಯ ಸಮಯವನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚುತ್ತಾರೆ. ಪಕ್ಷವಿಲ್ಲದವನ ಪಾಲು ನಿಮಿಷಗಳ ಲೆಕ್ಕದ್ದು.

ಇಲ್ಲಿ ಮಾವಳಂಕರ್ ಮತ್ತೆ ಬರುತ್ತಾರೆ. 1938ರಲ್ಲಿ ನಮ್ಮ ತೋಟದ ಕಾಯ್ದೆ ಪಾಸಾದ ಸಭೆಯ ಅಧ್ಯಕ್ಷರಾಗಿದ್ದ ಅವರೇ ಸ್ವತಂತ್ರ ಭಾರತದ ಲೋಕಸಭೆಯ ಮೊದಲ ಸಭಾಧ್ಯಕ್ಷರು. ನಿಲುವಳಿ ಸೂಚನೆಯ ಬಗ್ಗೆ 1950ರಲ್ಲಿ ಅವರು ಒಂದು ತೀರ್ಪು ಕೊಟ್ಟರು. ಬ್ರಿಟಿಷರ ಕಾಲದಲ್ಲಿ ಸರ್ಕಾರ ಸಭೆಗೆ ಹೊಣೆಯಾಗಿರಲಿಲ್ಲ, ಹಾಗಾಗಿ ಸಿಕ್ಕ ಒಂದೇ ದಾರಿಯನ್ನು ಎಲ್ಲದಕ್ಕೂ ಬಳಸಿದೆವು. ಈಗ ಸರ್ಕಾರ ಸಭೆಗೇ ಹೊಣೆ, ಆದ್ದರಿಂದ ಇದನ್ನು ಅಪರೂಪಕ್ಕೆ ಮಾತ್ರ ಬಳಸಬೇಕು ಎಂಬುದು ಅದರ ಸಾರ. ದಾರಿಯನ್ನು ಕಿರಿದು ಮಾಡಿ ಸುಮ್ಮನೆ ಕೂರಲಿಲ್ಲ. 1953ರಲ್ಲಿ ಅಲ್ಪಾವಧಿ ಚರ್ಚೆ ಬಂತು, ಅದಕ್ಕೆ ಮತಕ್ಕೆ ಹಾಕುವ ಗೋಜಿಲ್ಲ. 1954ರಲ್ಲಿ ಗಮನ ಸೆಳೆಯುವ ಸೂಚನೆ ಬಂತು. ಇದು ಇಂಗ್ಲೆಂಡಿನಿಂದ ತಂದದ್ದಲ್ಲ, ನಮ್ಮ ಸಂಸತ್ತೇ ಮಾಡಿಕೊಂಡದ್ದು. ಸದಸ್ಯ ತುರ್ತಿನ ವಿಷಯವೊಂದಕ್ಕೆ ಮಂತ್ರಿಯ ಗಮನ ಸೆಳೆದರೆ ಮಂತ್ರಿ ಹೇಳಿಕೆ ಕೊಡಬೇಕು.

ಈ ನಿಯಮಗಳ ಒಳಗೆ ಒಂದು ಲೆಕ್ಕಾಚಾರವಿದೆ. ನಿಲುವಳಿ ಸೂಚನೆಗೆ ಆಕ್ಷೇಪ ಬಂದರೆ ಲೋಕಸಭೆಯಲ್ಲಿ 50 ಸದಸ್ಯರು ಎದ್ದು ನಿಲ್ಲಬೇಕು. ಅಲ್ಪಾವಧಿ ಚರ್ಚೆಗೆ ಕೇಳುವವನ ಜೊತೆ ಇನ್ನಿಬ್ಬರ ಸಹಿ ಸಾಕು. ಪ್ರಶ್ನೆಗೆ ಒಬ್ಬನೇ ಸಾಕು, ಆದರೆ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮಾತ್ರ, ಅವೂ ಚೀಟಿ ಎತ್ತಿದಂತೆ ಬರುತ್ತವೆ. ಖಾಸಗಿ ಸದಸ್ಯರ ಕೆಲಸಕ್ಕೆ ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಸ್ವಾತಂತ್ರ್ಯ ಬಂದಾಗಿನಿಂದ ಸಂಸತ್ತಿನಲ್ಲಿ ಕಾಯ್ದೆಯಾದ ಖಾಸಗಿ ಸದಸ್ಯರ ಮಸೂದೆಗಳು 14, ಕೊನೆಯದ್ದು 1970ರಲ್ಲಿ. ಅಂಬೇಡ್ಕರರ ಖೋತಿ ಮಸೂದೆಗೆ ಆದದ್ದು ಅಪರೂಪದ ಸಂಗತಿಯೇನಲ್ಲ.

ಹಾಗಿದ್ದರೆ ಕೇಳಿ ಏನು ಪ್ರಯೋಜನ? ಇಂಗ್ಲೆಂಡಿನ ಕಾಮನ್ಸ್ ಸಭೆಯಲ್ಲಿ ದಿನದ ಕೊನೆಯ ಅರ್ಧ ಗಂಟೆ ಒಬ್ಬ ಸಾಮಾನ್ಯ ಸದಸ್ಯನದ್ದು. ಅವನು ತನ್ನ ಕ್ಷೇತ್ರದ ಒಂದು ವಿಷಯ ಹೇಳುತ್ತಾನೆ, ಮಂತ್ರಿಯೊಬ್ಬ ಕೂತು ಕೇಳಿ ಉತ್ತರ ಕೊಡಬೇಕು. ಸಭೆ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಆದರೂ ಆ ಮಾತು ಕಡತದಲ್ಲಿ ಉಳಿಯುತ್ತದೆ. ಸರ್ಕಾರ ಉತ್ತರಿಸಿದ ಮೇಲೆ 'ನಮಗೆ ಗೊತ್ತಿರಲಿಲ್ಲ' ಎನ್ನುವಂತಿಲ್ಲ. ಗೇಣಿಯ ಮಾತೂ ನಮ್ಮಲ್ಲಿ ಹೀಗೆ ವರ್ಷಗಟ್ಟಲೆ ಕಡತಗಳಲ್ಲಿ ಜಮೆಯಾಯಿತು. ಕೊನೆಗೆ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ.

ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ನಮ್ಮ ಗೇಣಿದಾರರು ಫಾರ್ಮ್ ನಂಬರ್ 7 ತುಂಬಿ ಕೊಟ್ಟರು, ಭೂ ನ್ಯಾಯ ಮಂಡಳಿಯಿಂದ ನಮ್ಮ ಮನೆಗೆ ನೋಟಿಸು ಬಂತು. ಅಜ್ಜ ಅದನ್ನು ಕೈಯಲ್ಲಿ ಹಿಡಿದು ಜಗುಲಿಯಲ್ಲಿ ಬಹಳ ಹೊತ್ತು ಕೂತಿದ್ದ. ಒಂದೇ ಜನ್ಮದಲ್ಲಿ ಎರಡನೇ ಸಲ ಗದ್ದೆ ಹೋಯಿತು ಎಂದು ಸಿಟ್ಟಿನಲ್ಲಿ ಏನೇನೋ ಅಂದ. ತೋಟ ಉಳಿಯಿತು, ಗದ್ದೆ ಹೋಯಿತು. ಆ ರಾತ್ರಿ ಊಟಕ್ಕೆ ಬಡಿಸುವಾಗ ಅಜ್ಜಿ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಆ ಸಲ ನಂಗ್ಳ ಮಾತು ಬೊಂಬಾಯಿಗೆ ಹೋಗಿತ್ತು ತಮಾ. ಈ ಸಲ ಅವನ ಮಾತು ಬೆಂಗಳೂರಿಗೆ ಹೋಯ್ದು." ಅಜ್ಜನಿಗೂ ಕೇಳಿಸಿತು. ಅವನು ಏನೂ ಹೇಳಲಿಲ್ಲ. ಶಾಲೆ ಕಲಿಯದ ಹೆಂಗಸು ಎರಡು ಕಾಯ್ದೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದಳು.

ಕಾಲೇಜಿಗೆ ಬಂದ ಮೇಲೆ ಒಮ್ಮೆ ವಿಧಾನಸೌಧದ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದೆ. ಹಿಂದಿನ ಸಾಲಿನ ಸದಸ್ಯರೊಬ್ಬರು ಕೈಯಲ್ಲಿ ಕಾಗದ ಹಿಡಿದು ಎದ್ದು ನಿಲ್ಲುತ್ತಿದ್ದರು, ಕೂರುತ್ತಿದ್ದರು, ಮತ್ತೆ ನಿಲ್ಲುತ್ತಿದ್ದರು. ಯಾವುದೋ ಹಳ್ಳಿಯ ಕೆರೆ ಒಡೆದ ವಿಷಯ. ನಿಲುವಳಿ ಸೂಚನೆಯಾಗಿ ಕೊಟ್ಟಿದ್ದನ್ನು ನಿಯಮ 60ರಲ್ಲಿ ಬೇಡ, ನಿಯಮ 69ರಲ್ಲಿ ನೋಡೋಣ ಎಂದು ಹೇಳಿದರು. 60ರಲ್ಲಾದರೆ ಸಭೆಯ ಕೆಲಸ ನಿಲ್ಲಬೇಕು, 69ರಲ್ಲಾದರೆ ಸಮಯ ಸಿಕ್ಕಾಗ ಚರ್ಚೆ. ಆ ದಿನ ಸಮಯ ಸಿಗಲಿಲ್ಲ. ನನ್ನ ಪಕ್ಕದಲ್ಲಿದ್ದವರು ನಕ್ಕರು. ನನಗೆ ನೀರಿನ ಕೊಡ ಹೊತ್ತ ಅಜ್ಜಿ ನೆನಪಾದಳು.

ಸಮಯ ಹಂಚುವ ಕುರ್ಚಿಯೂ ನಮ್ಮ ಕಡೆಗೆ ಬಂದುಹೋಗಿದೆ. ಗೇಣಿದಾರರು ಕೊಳಗದ ಗಾತ್ರಕ್ಕಾಗಿ ಹೋರಾಡಿದ ಅದೇ ಕಾಗೋಡಿನ ಕಾಗೋಡು ತಿಮ್ಮಪ್ಪನವರು 2013ರಿಂದ 2016ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. ಸಿರ್ಸಿ–ಸಿದ್ದಾಪುರದ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿಯವರು 2019ರಿಂದ 2023ರವರೆಗೆ ಅದೇ ಕುರ್ಚಿಯಲ್ಲಿದ್ದರು. ಪಕ್ಷ ಬೇರೆ ಬೇರೆ, ಗಡಿ ಮಾತ್ರ ಒಂದೇ. 2021ರ ಮಾರ್ಚ್‌ನಲ್ಲಿ ಕಾಗೇರಿಯವರು 'ಒಂದು ದೇಶ, ಒಂದು ಚುನಾವಣೆ' ವಿಷಯವನ್ನು ಚರ್ಚೆಗೆ ತಂದಾಗ ವಿರೋಧ ಪಕ್ಷ ಇದು ಬೇಡ ಎಂದು ಗಲಾಟೆ ಮಾಡಿತು. ಯಾರು ಸರಿ ಎಂಬುದು ಅವರವರ ರಾಜಕೀಯ. ಆದರೆ ಯಾವುದನ್ನು ಚರ್ಚಿಸಬೇಕು ಎಂಬುದೇ ಒಂದು ಜಗಳದ ವಿಷಯ. 1892ರಲ್ಲೂ ಹಾಗೇ ಇತ್ತು, ಈಗಲೂ ಹಾಗೇ ಇದೆ.

ಚಿಂತೆಯ ಮಾತು ಬೇರೆ ಇದೆ. ವರ್ಷಕ್ಕೆ ಕಡಿಮೆಯೆಂದರೆ 60 ದಿನ ಅಧಿವೇಶನ ನಡೆಯಬೇಕು ಎಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಆ 60 ದಿನ ತುಂಬುವುದು ಅಪರೂಪ. ಸೇರಿದ ದಿನಗಳಲ್ಲೂ ಎಷ್ಟೋ ಹೊತ್ತು ಧರಣಿಯಲ್ಲಿ ಹೋಗುತ್ತದೆ. ಧರಣಿ ಮಾಡುವವರು ಚರ್ಚೆ ಕೊಡಿ ಎನ್ನುತ್ತಾರೆ, ಆಳುವವರು ಚರ್ಚೆಗೆ ಸಿದ್ಧ, ಮೊದಲು ಕೂತುಕೊಳ್ಳಿ ಎನ್ನುತ್ತಾರೆ. ಸಂಜೆಯಾಗುತ್ತದೆ. ಹೀಗೆ ಕಳೆಯುವ ಒಂದೊಂದು ಗಂಟೆಯೂ ಯಾರದ್ದೋ ಕೆರೆಯದ್ದು, ಯಾರದ್ದೋ ಗೇಣಿಯದ್ದು. ದೊಡ್ಡ ಪಕ್ಷಗಳಿಗೆ ಟಿವಿ ಇದೆ, ಸಭೆ ಇಲ್ಲದೆಯೂ ಅವರ ಮಾತು ಕೇಳಿಸುತ್ತದೆ. ಹಿಂದಿನ ಸಾಲಿನಲ್ಲಿ ಕಾಗದ ಹಿಡಿದು ನಿಂತವನಿಗೆ ಆ ಒಂದು ಗಂಟೆ ಬಿಟ್ಟರೆ ಬೇರೆ ಜಾಗವಿಲ್ಲ.

ಹೋದ ಮಳೆಗಾಲ ಮುಗಿದ ಮೇಲೆ ಮಾವಿನಗುಂಡಿಯಲ್ಲಿ ಇಳಿದೆ. ಸತ್ಯಾಗ್ರಹದ ನೆನಪಿಗೆ ಅಲ್ಲಿ ಸ್ಮಾರಕವಿದೆ. ಪ್ರವಾಸಿಗಳ ಕಾರುಗಳು ಜೋಗದ ಕಡೆಗೆ ಓಡುತ್ತಿದ್ದವು. ನಮ್ಮ ಗೇಣಿದಾರರ ಮೊಮ್ಮಗ, ನನ್ನ ಓರಗೆಯವನು, ಈಗ ಆ ಗದ್ದೆಯ ಒಡೆಯ, ಜೊತೆಗೆ ಬಂದಿದ್ದ. ಅವನ ಅಜ್ಜನೂ ನನ್ನ ಮುತ್ತಜ್ಜನೂ ಒಂದೇ ಜೈಲಿನಲ್ಲಿದ್ದರು ಎಂದು ಹೇಳಿದೆ. "ನಮ್ಮನೇಲಿ ಅದನ್ನ ಹೇಳ್ತಿದ್ರು" ಎಂದ ಅವನು. "ನಿಮ್ಮನೇಲೂ ಹೇಳ್ತಿದ್ರಾ?"

ಇಲ್ಲ ಎಂದು ಒಪ್ಪಿಕೊಂಡೆ. ಈ ಬರಹವನ್ನು ಬರೆಯಬೇಕೆನಿಸಿದ್ದು ಆಗ.